ಉತ್ತಮವಾದುದಷ್ಟೇ ಸಾಕೇ?

ಅಮೆರಿಕದ ಕರಿಯ ಜನರ ಬ್ಲೂಸ್ ಹಾಡುಗಳ ಹಳೆಯ ತಟ್ಟೆಗಳನ್ನು ಮರಳಿ ಹೊರತರುವವರು ಉತ್ತಮವಾದುವನ್ನಷ್ಟೇ ಆರಿಸಬೇಕು, ಉಳಿದುದು ಕಸ ಎಂದು ವಾದಿಸುವ ರಸಿಕರಿದ್ದಾರೆ. ಆಸ್ಟ್ರಿಯದ ಜಾನಿ ಪಾರ್ತ್ ಎಂಬವರು 1980ರ ದಶಕದಲ್ಲಿ ಸ್ಥಾಪಿಸಿದ ‘ಡಾಕ್ಯುಮೆಂಟ್’ ಎಂಬ ಸಣ್ಣ ಸಂಸ್ಥೆ ಇವರ ಮೂದಲಿಕೆಗೆ ಗುರಿ. ಅದರ ತಟ್ಟೆಗಳಲ್ಲಿ ಹಾಡಿಗಿಂತ ಕರಕರ ಸದ್ದೇ ಹೆಚ್ಚಂತೆ!

ಆ ಕರಕರ ಯಾರ ಪಾಪ? ವಿಸ್ಕಾನ್ಸಿನ್ ಪ್ರಾಂತದ ಕುರ್ಚಿ ತಯಾರಿಸುವ ಕಂಪೆನಿಯೊಂದು ‘ಪ್ಯಾರಾಮೌಂಟ್’ ಎಂಬ ಹೆಸರಿನಲ್ಲಿ ಚಾರ್ಲಿ ಪ್ಯಾಟನ್, ಸನ್ ಹೌಸ್, ಸ್ಕಿಪ್ ಜೇಮ್ಸ್ ಮೊದಲಾದವರ ಹಾಡುಗಳನ್ನು ಮುದ್ರಿಸಿತು. 1930ರ ದಶಕದ ಮುಗ್ಗಟ್ಟಿನಲ್ಲಿ ಆ ವ್ಯಾಪಾರ ನಿಂತಿತು. ಲೋಹದ ಮೂಲ ಅಚ್ಚುಗಳು ಗುಜರಿಯ ಪಾಲಾದುವು. ಉಳಿದುವು ಬಡವರ ಮನೆಗಳಲ್ಲಿ ಸೂಜಿ ಹರಿದು ಸವೆದ ಅರಗಿನ ತಟ್ಟೆಗಳು. ಕೆಲವು ಹಾಡುಗಳಿಗೆ ಜಗತ್ತಿನಲ್ಲೇ ಒಂದೆರಡು ಪ್ರತಿಗಳು. ಸವೆದುದು ಬೇಡವೆಂದರೆ ಹಾಡೇ ಇಲ್ಲ.

ಇನ್ನು ಆಯ್ಕೆಯ ಮಾತು. 1960ರಲ್ಲಿ ಅಮೆರಿಕದ ‘ಆರಿಜಿನ್ ಜಾಸ್ ಲೈಬ್ರರಿ’ ತನ್ನ ಮೊದಲ ತಟ್ಟೆಯನ್ನೇ ಪ್ಯಾಟನ್ನನಿಗೆ ಮೀಸಲಿಟ್ಟಿತು. ಆ ಉಪಕಾರ ಸಣ್ಣದಲ್ಲ. ಆದರೆ ಅಂಥ ಸಂಗ್ರಾಹಕರ ಕಣ್ಣಿಗೆ ಅಪರೂಪವಾದುದೇ ಶ್ರೇಷ್ಠವಾಗಿ ಕಂಡಿತು. 1928ರಿಂದ ಕರಿಯ ಜನರೇ ಮುಗಿಬಿದ್ದು ಕೊಂಡ ಲೆರಾಯ್ ಕಾರ್‌ನ ಪಿಯಾನೊ ಹಾಡುಗಳು ಹಿಂದಣ ಸಾಲಿಗೆ ಸರಿದುವು. ಕಾಸು ಕೊಟ್ಟು ಕೇಳಿದವರ ರುಚಿಯನ್ನು ಮೂವತ್ತು ವರ್ಷ ತಡವಾಗಿ ಬಂದವರು ತಿದ್ದಬೇಕೇ?

ಪಾರ್ತ್ ಒಬ್ಬೊಬ್ಬ ಗಾಯಕನದೂ ದೊರೆತಷ್ಟನ್ನೂ ಕಾಲಾನುಕ್ರಮವಾಗಿ ಹೊರತಂದರು. ಹಾಜರಿ ಕರೆಯುವ ಉಪಾಧ್ಯಾಯ ಜಾಣರ ಹೆಸರನ್ನಷ್ಟೇ ಕೂಗುವುದುಂಟೇ? ಒಂದೇ ರಾಗದ ಹಾಡುಗಳು ಸಾಲುಸಾಲಾಗಿ ಬಂದು ಬೇಸರವಾಗುವುದು ನಿಜ, ನನಗೂ ಆಗಿದೆ. ಬೇಸರವಾದಾಗ ಸೂಜಿಯನ್ನೆತ್ತಿ ಮುಂದಿಟ್ಟುಕೊಳ್ಳುವ ಸ್ವಾತಂತ್ರ್ಯ ಆ ರಸಿಕರಿಗೂ ಇದೆಯಷ್ಟೆ.