ಸೊಬಗೆಂಬ ಬರೆಯದ ನಿಯಮ

ಫಿಗರ್ ಸ್ಕೇಟಿಂಗ್ ವಿಶ್ವ ಚಾಂಪಿಯನ್‌ಶಿಪ್‌ನ ವಿಜೇತರ ಪಟ್ಟಿಯನ್ನು ಶ್ರೇಷ್ಠರ ಪಟ್ಟಿ ಎಂದು ಓದುವವರ ಜತೆ ನನಗೆ ತಕರಾರಿದೆ. ನನ್ನ ಪ್ರಕಾರ ಅದು ನಿಯಮಗಳ ಚರಿತ್ರೆ. ಯಾರು ಗೆದ್ದರು ಎಂದು ಕೇಳುವ ಬದಲು, ಯಾರು ಬಂದಾಗ ಒಳಗಿದ್ದವರು ಗಾಬರಿಯಾದರು ಎಂದು ಕೇಳಿ ನೋಡಿ.

1896ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಶುರುವಾದ ಈ ಸ್ಪರ್ಧೆಗೆ 1902ರಲ್ಲಿ, ಲಂಡನ್ನಿನಲ್ಲಿ, ಮ್ಯಾಡ್ಜ್ ಸೈಯರ್ಸ್ ಹೆಸರು ಕೊಟ್ಟರು. ಹೆಂಗಸರು ಬರಬಾರದೆಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಬಂದಾರು ಎಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಸ್ವೀಡನ್ನಿನ ಉಲ್ರಿಕ್ ಸಾಲ್ಕೋ ಗೆದ್ದರು (ಇಂದಿಗೂ ಒಂದು ಜಿಗಿತಕ್ಕೆ ಅವರ ಹೆಸರಿದೆ), ಸೈಯರ್ಸ್ ಎರಡನೆಯವರಾದರು. ಮರುವರ್ಷವೇ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹೆಂಗಸರಿಗೆ ಬಾಗಿಲು ಹಾಕಿತು. ಕಾರಣಗಳು ಹೀಗಿದ್ದವು: ಉದ್ದ ಲಂಗದಿಂದಾಗಿ ಪಾದ ಕಾಣುವುದಿಲ್ಲ, ಗಂಡಸರೊಂದಿಗೆ ಹೋಲಿಸುವುದು ಕಷ್ಟ, ತೀರ್ಪುಗಾರ ತಾನು ಮೆಚ್ಚಿದ ಹುಡುಗಿಗೇ ತೀರ್ಪು ಹೇಳಬೇಕಾಗಿ ಬರಬಹುದು. ತೀರ್ಪುಗಾರನ ಮನಸ್ಸು ಜಾರಿದರೆ ಶಿಕ್ಷೆ ಸ್ಪರ್ಧಿಗೆ! 1906ರಲ್ಲಿ ದಾವೋಸ್‌ನಲ್ಲಿ ಹೆಂಗಸರಿಗೆಂದೇ ಬೇರೆ ಸ್ಪರ್ಧೆ ಏರ್ಪಟ್ಟಾಗ ಸೈಯರ್ಸ್ ಅದನ್ನು ಗೆದ್ದರು.

ಆ ಕಾಲದ ನಿಯಮಕ್ಕೆ ಕನಿಷ್ಠ ಒಂದು ಪ್ರಾಮಾಣಿಕತೆ ಇತ್ತು, ಅದನ್ನು ಬರೆದಿಟ್ಟಿದ್ದರು. ನನ್ನ ಸಿಟ್ಟೆಲ್ಲ ಬರೆಯದೆ ಇಟ್ಟ ನಿಯಮದ ಮೇಲೆ.

1994, ಜಪಾನಿನ ಚಿಬಾ. ಫ್ರಾನ್ಸಿನ ಕಪ್ಪು ಸ್ಕೇಟರ್ ಸೂರ್ಯಾ ಬೊನಾಲಿ ಮತ್ತು ಆತಿಥೇಯ ನಾಡಿನ ಯುಕಾ ಸಾಟೊ ನಡುವೆ ಪೈಪೋಟಿ. ಒಂಬತ್ತು ತೀರ್ಪುಗಾರರಲ್ಲಿ ಐವರು ಸಾಟೊ ಕಡೆ, ನಾಲ್ವರು ಬೊನಾಲಿ ಕಡೆ. ಬೊನಾಲಿ ವೇದಿಕೆ ಹತ್ತಲು ಒಪ್ಪದೆ ಪಕ್ಕದಲ್ಲಿ ನಿಂತರು, ಕೊರಳಿಗೆ ಹಾಕಿದ ಬೆಳ್ಳಿ ಪದಕವನ್ನು ತೆಗೆದುಬಿಟ್ಟರು. ಪ್ರೇಕ್ಷಕರು ಕೂಗಿ ಹೀಗಳೆದರು. ಹಿಂದಿನ ವರ್ಷ ಬೆಳ್ಳಿ, ಮುಂದಿನ ವರ್ಷವೂ ಬೆಳ್ಳಿ. ಐದು ಬಾರಿ ಯುರೋಪಿನ ಚಾಂಪಿಯನ್ ಆದವರಿಗೆ ವಿಶ್ವ ಪಟ್ಟ ಒಮ್ಮೆಯೂ ಸಿಗಲಿಲ್ಲ.

ಸಾಟೊ ಅಂದು ಸೊಗಸಾಗಿ ಆಡಿದರು, ಅವರ ಪಾದಗಳ ಚಲನೆ ನೋಡುವಂಥದ್ದೇ. ಆ ಚಿನ್ನವನ್ನು ಕಿತ್ತುಕೊಳ್ಳುವುದು ನನ್ನ ಉದ್ದೇಶವಲ್ಲ. ನನಗೆ ತಡೆಯಲಾಗದ್ದು ಬೊನಾಲಿಯ ಬಗ್ಗೆ ವರ್ಷಗಟ್ಟಲೆ ಹೇಳಲಾದ ಆ ಒಂದೇ ಮಾತು: ಕಸುವು ಇದೆ, ಲಾಲಿತ್ಯ ಇಲ್ಲ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಮಾತಿನ ಪರಿಚಯ ಚೆನ್ನಾಗಿಯೇ ಇರಬೇಕು. ಹೊಸ ದನಿಯೊಂದು ಕೇಳಿಸಿದಾಗಲೆಲ್ಲ ‘ಸತ್ವ ಇದೆ, ಹದ ಸಾಲದು’ ಎನ್ನುವ ವಿಮರ್ಶೆಯ ಅಕ್ಕತಂಗಿ ಇದು. ಹದ ಯಾರ ಮನೆಯ ಅಡುಗೆಯದ್ದು ಎಂದು ಮಾತ್ರ ಹೇಳುವುದಿಲ್ಲ.

ಲಾಲಿತ್ಯ ಈ ಆಟದ ಜೀವಾಳ ಎನ್ನುವವರು ಬೆಯಾಟ್ರಿಕ್ಸ್ ಶೂಬಾ ಅವರನ್ನು ನೆನಪಿಸಿಕೊಳ್ಳಲಿ. ಮಂಜುಗಡ್ಡೆಯ ಮೇಲೆ ಅಚ್ಚುಕಟ್ಟಾಗಿ ವೃತ್ತ ಕೊರೆಯುವ ಕಡ್ಡಾಯ ಸುತ್ತಿನ ಬಲದಿಂದ ಅವರು 1971 ಮತ್ತು 1972ರಲ್ಲಿ ವಿಶ್ವ ಚಾಂಪಿಯನ್ ಆದರು. 1972ರ ಒಲಿಂಪಿಕ್ಸ್‌ನಲ್ಲಂತೂ ಮುಕ್ತ ಸ್ಕೇಟಿಂಗ್‌ನಲ್ಲಿ ಏಳನೆಯವರಾಗಿಯೂ ಚಿನ್ನ ಪಡೆದರು. ಆಗ ಲಾಲಿತ್ಯ ಎಲ್ಲಿ ಹೋಗಿತ್ತು? ಇನ್ನು 1986ರಲ್ಲಿ ಕಪ್ಪು ಅಮೆರಿಕನ್ ಡೆಬಿ ಥಾಮಸ್ ಗೆದ್ದಿದ್ದರಲ್ಲ ಎನ್ನುವವರೂ ಉಂಟು. ಒಬ್ಬರು ಅಳತೆಗೆ ಹೊಂದಿದರು ಎಂಬುದು ಅಳತೆಗೋಲು ನೆಟ್ಟಗಿದೆ ಎಂಬುದಕ್ಕೆ ಪುರಾವೆಯಾಗದು.

1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ, ಗಾಯಗೊಂಡು ಪದಕದ ಆಸೆ ಬಿಟ್ಟಿದ್ದ ಬೊನಾಲಿ, ನಿಷೇಧಿತ ಬ್ಯಾಕ್‌ಫ್ಲಿಪ್ ಹೊಡೆದರು. ಹಿಂದಕ್ಕೆ ಲಾಗ ಹಾಕಿ ಒಂದೇ ಕಾಲಿನ ಮೇಲೆ ಇಳಿದರು. ಅಂಕ ಕಡಿತವಾಯಿತು. 2024ರ ಮಾರ್ಚ್‌ನಲ್ಲಿ, ಮಾಂಟ್ರಿಯಲ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಫ್ರಾನ್ಸಿನವರೇ ಆದ ಆಡಮ್ ಸಿಯಾವೊ ಹಿಮ್ ಫಾ ಕೂಡ ಬ್ಯಾಕ್‌ಫ್ಲಿಪ್ ಹೊಡೆದು, ಅಂಕ ಕಳೆದುಕೊಂಡೂ 19ನೇ ಸ್ಥಾನದಿಂದ ಕಂಚಿಗೇರಿದರು. ಜನ ಕುಣಿದಾಡಿದರು. ಜೂನ್‌ನಲ್ಲಿ ಒಕ್ಕೂಟ ಆ ನಿಷೇಧವನ್ನೇ ತೆಗೆದುಹಾಕಿತು. ಬೊನಾಲಿಗೆ ಆಗ 50 ವರ್ಷ.

ಇನ್ನು ಮುಂದೆ ಆ ಲಾಗಕ್ಕೂ ಸೊಬಗಿನ ಅಂಕ ಸಿಗಬಹುದು. ಕೊಡುವವರು ಒಂದು ಸಾಲು ಬರೆದು ಕೊಡಲಿ: ಯಾವುದು ಸೊಬಗು, ಯಾವಾಗಿನಿಂದ.