ಪುನರುತ್ಥಾನವೂ ನಿರೀಕ್ಷೆಯೂ

ಯಾದಗಿರಿ ಜಿಲ್ಲೆಯ ಕೊಡೇಕಲ್ಲಿಗೆ ನಿರೀಕ್ಷೆಯ ಮಾತು ಹೊಸದಲ್ಲ. 16ನೆಯ ಶತಮಾನದ ಕೊಡೇಕಲ್ ಬಸವಣ್ಣನವರ ಪರಂಪರೆಯ ಕಾಲಜ್ಞಾನದ ವಚನಗಳು ಮುಂಬರುವ ಕಾಲವನ್ನು ಕುರಿತು ನುಡಿಯುತ್ತವೆ. ಹಿಂದುಗಳೂ ಮುಸಲ್ಮಾನರೂ ಆ ಸನ್ನಿಧಿಗೆ ನಡೆದುಕೊಳ್ಳುತ್ತಾರೆ. ಅಂಥ ಸೀಮೆಯ ಒಕ್ಕಲಿನ ಮನೆಯನ್ನು ಕಣ್ಣಮುಂದಿಟ್ಟುಕೊಂಡು, ಕ್ರೈಸ್ತರ ಈಸ್ಟರ್ ಹಬ್ಬದ ತಿರುಳಾದ ಪುನರುತ್ಥಾನದ ಅರ್ಥವನ್ನು ಈ ತಿಂಗಳು ವಿಚಾರಿಸೋಣ. ಮತ ಯಾವುದಾದರೇನು? ಸಾವಿಲ್ಲದ ಮನೆಯ ಸಾಸಿವೆಯನ್ನು ತರಬಲ್ಲವರು ನಮ್ಮಲ್ಲಿ ಯಾರೂ ಇಲ್ಲವಷ್ಟೆ.

ಉತ್ಥಾನ ದ್ವಾದಶಿಯಂದು ತುಳಸಿಯ ಮುಂದೆ ದೀಪವಿಡುವ ಗೃಹಿಣಿಯರಿಗೆ, ಉತ್ಥಾನವೆಂದರೆ ನಿದ್ರೆಯಿಂದ ಏಳುವುದೆಂದು ತಿಳಿದೇ ಇದೆ. ಆದಿಕಾಲದ ಕ್ರೈಸ್ತರೂ ಮರಣವನ್ನು ನಿದ್ರೆಯೆಂದೇ ಕರೆದರು; ಗ್ರೀಕ್ ಭಾಷೆಯಲ್ಲಿ ಅವರು ತಮ್ಮ ರುದ್ರಭೂಮಿಗೆ ಇಟ್ಟ ಹೆಸರಿನ ಅರ್ಥವು 'ಮಲಗುವ ಸ್ಥಳ' ಎಂದು. ಆದರೆ ಇದು ಪುನರ್ಜನ್ಮವಲ್ಲ. ಪುನರ್ಜನ್ಮದಲ್ಲಿ ಜೀವವು ಬೇರೊಂದು ದೇಹವನ್ನು ಹೊಕ್ಕು ಮರಳಿ ಹುಟ್ಟುವುದು. ಪುನರುತ್ಥಾನದಲ್ಲಿಯಾದರೋ ಅದೇ ವ್ಯಕ್ತಿಯು ದೇವರ ಶಕ್ತಿಯಿಂದ, ಮಾರ್ಪಟ್ಟ ದೇಹದೊಡನೆ, ಸಾವಿಲ್ಲದ ಬಾಳಿಗೆ ಏಳುವನೆಂಬುದು ನಂಬಿಕೆ. ಶಿಲುಬೆಯ ಮೇಲೆ ಮೃತನಾದ ಯೇಸು ಕ್ರಿಸ್ತನು ಮೂರನೆಯ ದಿನದಲ್ಲಿ ಎದ್ದನೆಂಬುದೇ ಅದಕ್ಕೆ ಆಧಾರ.

ಇದನ್ನು ತಿಳಿಯಹೇಳಲು ಪೌಲನು, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ, ಬಿತ್ತಿದ ಕಾಳಿನ ಉಪಮೆಯನ್ನು ಕೊಟ್ಟನು. ಕೊಡೇಕಲ್ ಸೀಮೆಯಲ್ಲಿ ಇದಕ್ಕೆ ವ್ಯಾಖ್ಯಾನವೇ ಬೇಡ. ಹತ್ತಿರದ ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರದಿಂದ ಕಾಲುವೆಗಳು ಬಂದಿದ್ದರೂ, ಎರೆಹೊಲದ ಹಿಂಗಾರಿ ಜೋಳವನ್ನು ಜನರು ಮರೆತಿಲ್ಲ. ಮಳೆಗಾಲದ ಕೊನೆಯಲ್ಲಿ ನೆಲದೊಳಗೆ ಉಳಿದ ಹಸಿಯನ್ನೇ ನಂಬಿ ಕೂರಿಗೆಯಿಂದ ಬಿತ್ತುವ ಬೆಳೆಯದು. ಹಿಂದೆ ಹಗೇವಿನಲ್ಲಿ ತುಂಬಿಡುತ್ತಿದ್ದ ಜೋಳವೂ ಮಣ್ಣೊಳಗೇ ಇರುತ್ತಿತ್ತು. ಆದರೆ ಇಟ್ಟಂತೆಯೇ ಹೊರಬರುತ್ತಿತ್ತು. ಬಿತ್ತಿದ ಕಾಳು ತನ್ನ ರೂಪವನ್ನು ಕಳೆದುಕೊಂಡು ತೆನೆಯಾಗಿ ಬರುವುದು. ರೂಪವು ಬೇರೆ, ಆದರೂ ಜೋಳವೇ.

ಬರಗಾಲದಲ್ಲಿ ಮಕ್ಕಳು ಹಸಿದು ಅಳುವಾಗಲೂ ಬೀಜದ ಜೋಳವನ್ನು ಬೀಸದೆ ಉಳಿಸುವ ತಾಯಿಯನ್ನು ನೆನೆಯಿರಿ. ಅವಳ ಕಣ್ಣೀರೂ ನಿಜ, ನಿರೀಕ್ಷೆಯೂ ನಿಜ. ಒಂದು ಮತ್ತೊಂದನ್ನು ಅಳಿಸುವುದಿಲ್ಲ. ಇದನ್ನರಿಯದೆ ನಾವು ಒಮ್ಮೆ, ಮಗುವನ್ನು ಕಳೆದುಕೊಂಡ ಮನೆಗೆ ಹೋಗಿ, "ಅಳಬೇಡಿರಮ್ಮಾ, ಎಲ್ಲವೂ ದೇವರ ಚಿತ್ತ" ಎಂದೆವು. ಆ ತಾಯಿಯು, "ಮಾತು ಬೇಡ, ಸ್ವಲ್ಪ ಹೊತ್ತು ಕೂತುಕೊಳ್ಳಿರಿ, ಸಾಕು" ಎಂದಳು. ನಮಗೆ ನಾಚಿಕೆಯಾಯಿತು. ಲಾಜರನ ಸಮಾಧಿಯ ಬಳಿಯಲ್ಲಿ ಯೇಸುವೇ ಕಣ್ಣೀರಿಟ್ಟನೆಂದು ಯೋಹಾನನ ಸುವಾರ್ತೆಯು ಹೇಳುವುದು. ಅಳುವವರ ಬಾಯಿ ಮುಚ್ಚಿಸುವ ಮಾತು ನಿರೀಕ್ಷೆಯಾಗಲಾರದು.

ಹಾಗಾದರೆ ನಿರೀಕ್ಷೆಯ ಕೆಲಸವೇನು? ಆ ಭಾನುವಾರದ ಬೆಳಗಿನಲ್ಲಿ ಸಮಾಧಿಗೆ ಹೋದ ಮಗ್ದಲದ ಮರಿಯಳು ಮೊದಲಾದ ಸ್ತ್ರೀಯರು ಎದ್ದವನನ್ನು ಕಾಣುವೆವೆಂದು ಹೋಗಲಿಲ್ಲ. ಶವಕ್ಕೆ ಸುಗಂಧದ್ರವ್ಯವನ್ನು ಹಚ್ಚುವ ಕೊನೆಯ ಸೇವೆಗಾಗಿ ಹೋದರು. ಬಾಗಿಲಿನ ಕಲ್ಲನ್ನು ಉರುಳಿಸುವವರಾರೆಂಬುದೂ ಅವರಿಗೆ ತಿಳಿದಿರಲಿಲ್ಲ. ಪ್ರೀತಿಯ ಕರ್ತವ್ಯವನ್ನು ಬಿಡದೆ ನಡೆದವರಿಗೇ ಆ ವಾರ್ತೆಯು ಮೊದಲು ದೊರೆಯಿತು. ಪೌಲನೂ ಆ ಅಧ್ಯಾಯವನ್ನು ಮುಗಿಸುವಾಗ, ಪಡುವ ಪ್ರಯಾಸವು ವ್ಯರ್ಥವಾಗದೆಂದು ಧೈರ್ಯ ಹೇಳಿ, ಕೆಲಸದಲ್ಲಿ ನಿಲ್ಲಿರೆಂದೇ ಬೋಧಿಸಿದನು.

ಆದುದರಿಂದ ಪ್ರಿಯ ವಾಚಕರೇ, ನೆರೆಯಲ್ಲಿ ಸಾವಾದಾಗ ಏನು ಹೇಳಬೇಕೆಂದು ಚಿಂತಿಸಬೇಡಿರಿ. ಒಲೆ ಹೊತ್ತದ ಆ ಮನೆಗೆ ನಾಲ್ಕು ರೊಟ್ಟಿಗಳನ್ನು ಬಡಿದು ಒಯ್ಯಿರಿ. ಎಳೆಯ ಮಕ್ಕಳಿದ್ದರೆ ಕೈತುತ್ತಿಡಿರಿ. ಅಳುವವರ ಪಕ್ಕದಲ್ಲಿ ಕುಳಿತಿರಿ. ತಿಂಗಳು ಕಳೆದ ಮೇಲೂ ಮತ್ತೊಮ್ಮೆ ಹೋಗಿ ಬನ್ನಿರಿ.