ಹಳೆಯ ಚಿತ್ರಗಳನ್ನು ಸುಡಬೇಕೆ?

ಚಿತ್ರಸಂತೆಯಲ್ಲಿ ಬಿಕರಿಯಾಗದುದು ಕಲೆಯೇ ಅಲ್ಲವೆಂದೂ, ಹವ್ಯಾಸಿಯು ತನ್ನ ಮೊದಮೊದಲ ಚಿತ್ರಗಳನ್ನು ಸುಟ್ಟುಬಿಡುವುದೇ ಲೇಸೆಂದೂ ಯಲಹಂಕದ ಮಿತ್ರರೊಬ್ಬರು ವಾದಿಸುವರು. ಈ ಪೂರ್ವಪಕ್ಷವನ್ನು ಖಂಡಿಸಲೇಬೇಕಾಗಿದೆ. ನಿವೃತ್ತನಾದಂದಿನಿಂದ ನಾನು ಹೆಬ್ಬಾಳದ ಕೆರೆಯನ್ನೇ ಚಿತ್ರಿಸುತ್ತಿರುವೆನು. ಮೊದಲ ಹಾಳೆಯಲ್ಲಿ ನೀರೆಂದರೆ ಬರಿಯ ನೀಲಿ, ಕೊಕ್ಕರೆಯು ಬಾತುಕೋಳಿಯಂತಿರುವುದು. (ಮೊಮ್ಮಗಳು ಇಂದಿಗೂ ನಗುವಳು.) ಮೋಡದ ನೆರಳಿನಲ್ಲಿ ನೀರು ಬೂದು, ಜೊಂಡಿನ ಬುಡದಲ್ಲಿ ಹಸುರುಗಪ್ಪು ಎಂಬುದು ಕಣ್ಣಿಗೆ ಬಿದ್ದುದು ನಾಲ್ಕು ವರ್ಷಗಳ ಮೇಲೆ. ಆ ಹಾಳೆಯನ್ನು ಸುಟ್ಟಿದ್ದರೆ ಈ ನಾಲ್ಕು ವರ್ಷಗಳ ಲೆಕ್ಕವನ್ನು ಯಾರು ಹೇಳುತ್ತಿದ್ದರು? 1965ರಲ್ಲಿ ತೀರಿಕೊಂಡ ಕೆ. ವೆಂಕಟಪ್ಪನವರು ಚಿತ್ರಕಲೆಯಲ್ಲಿ ಪ್ರೌಢರಾದ ಮೇಲೆಯೂ ವೀಣೆ ಶೇಷಣ್ಣನವರ ಬಳಿ ಶಿಷ್ಯರಾಗಿ ಕುಳಿತರು. ಅದು ಯಾವ ಸಂತೆಯನ್ನು ನಚ್ಚಿ? ಮಿತ್ರರು ಸುಡುವುದಾದರೆ ತಮ್ಮವನ್ನು ಸುಡಲಿ. ನನ್ನ ಕಟ್ಟು ಪೆಟ್ಟಿಗೆಯಲ್ಲಿಯೇ ಇರುವುದು.